ಮಾಗಿದ ಕಂಠ, ಮೈಸೂರಿನ ಕೊಡುಗೆ



ನವೆಂಬರ್, ಡಿಸೆಂಬರ್ ತಿಂಗಳುಗಳಲ್ಲಿ ನಮ್ಮ ಕಮರ್ಷಿಯಲ್ ಸ್ಟ್ರೀಟಿನ ಉದ್ದಕ್ಕೂ ಒಮ್ಮೆ ನಡೆದು ನೋಡಿ. ಕಾಮರಾಜ ರಸ್ತೆಯ ತುದಿಯಿಂದ ಇಬ್ರಾಹಿಂ ಸಾಹೇಬ್ ರಸ್ತೆಯ ತಿರುವಿನವರೆಗೆ ತಾಯಂದಿರು ಮಕ್ಕಳ ಕೈಹಿಡಿದುಕೊಂಡು ಜರಿ, ಚಮಕಿ, ಲೇಸು, ಮಿರುಗುವ ಪಾದರಕ್ಷೆಗಳನ್ನು ಹುಡುಕುತ್ತಿರುತ್ತಾರೆ. ಒಂದು ಮನೆಯಲ್ಲಿ ಶಾಲಾ ವಾರ್ಷಿಕೋತ್ಸವ, ಇನ್ನೊಂದು ಮನೆಯಲ್ಲಿ ಕ್ರಿಸ್ಮಸ್ ಗಾಯನ ಸ್ಪರ್ಧೆ, ಮತ್ತೊಂದು ಮನೆಯಲ್ಲಿ ದೂರದರ್ಶನ ವಾಹಿನಿಯ ಆಡಿಷನ್. ಅಂಗಡಿಗಳ ಧ್ವನಿವರ್ಧಕಗಳಿಂದ ಒಂದರ ಮೇಲೊಂದು ಹಾಡು ಬಂದು ಬೀಳುತ್ತಿರುವಾಗ ಮಗು ತಾಯಿಯನ್ನು ಕರೆಯಬೇಕಾದರೂ ಕಿರುಚಲೇಬೇಕು. ಮಗುವಿನ ಅಂಗಿಯನ್ನು ನಾವು ಟೇಪು ಹಿಡಿದು, ಭುಜದ ಅಳತೆ, ತೋಳಿನ ಅಳತೆ ನೋಡಿ ಕೊಳ್ಳುತ್ತೇವೆ. ಅದೇ ಮಗುವಿಗೆ ಹಾಡಲು ಕೊಡುವ ಹಾಡು ಮಾತ್ರ ದೊಡ್ಡವರ ಅಳತೆಯದಾಗಿರುತ್ತದೆ. ಅಂಗಿ ದೊಡ್ಡದಾದರೆ ಮಡಿಸಿ ಹೊಲಿಯಬಹುದು. ಕಂಠಕ್ಕೆ ಮೀರಿದ ಹಾಡನ್ನು ಹೇಗೆ ಮಡಿಸುವುದು?

ಈ ಪ್ರಶ್ನೆಯನ್ನು ಎದುರಿಗಿಟ್ಟುಕೊಂಡು, ಕಳೆದ ಶತಮಾನದ ಅತಿ ದೊಡ್ಡ ಗಾಯಕಿಯರಲ್ಲಿ ಒಬ್ಬಳಾದ ನಾರ್ವೆ ದೇಶದ ಕಿರ್ಸ್ಟೆನ್ ಫ್ಲಾಗ್‌ಸ್ಟಾಡ್ ಎಂಬಾಕೆಯ ಜೀವನ ಮತ್ತು ಗಾಯನವನ್ನು ನಿಮ್ಮೊಡನೆ ಪರಿಶೀಲಿಸಬೇಕೆಂದು ಬಯಸುತ್ತೇನೆ. ಹದಿನೆಂಟನೆಯ ವಯಸ್ಸಿನಲ್ಲಿ ರಂಗವನ್ನೇರಿದ ಈಕೆಯ ಹೆಸರು ಲೋಕಕ್ಕೆ ತಿಳಿದದ್ದು ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ. ಆಕೆಯ ಕಲೆಯ ಅತ್ಯಂತ ಮಾಗಿದ ಒಂದು ಸಂಜೆ ಧ್ವನಿಮುದ್ರಣವಾಗಿ ಉಳಿದಿದ್ದರೆ ಅದಕ್ಕೆ ಕಾರಣ ನಮ್ಮ ಮೈಸೂರಿನ ಮಹಾರಾಜರು. ನಾರ್ವೆಯ ಕಂಠಕ್ಕೂ ಕನ್ನಡ ನಾಡಿಗೂ ಇರುವ ಈ ನಂಟು ನಮ್ಮಲ್ಲಿ ಅನೇಕರಿಗೆ ತಿಳಿದಿಲ್ಲ.

ಮೊದಲಿಗೆ ಎರಡು ಮಾತು ಸ್ಪಷ್ಟವಾಗಲಿ. ನಮ್ಮ ಧರ್ಮಕೇಂದ್ರಗಳ ಗಾನವೃಂದಗಳಲ್ಲಿ ಹಾಡುವವರಿಗೆ ಸೊಪ್ರಾನೊ, ಆಲ್ಟೊ, ಟೆನರ್, ಬಾಸ್ ಎಂಬ ನಾಲ್ಕು ವಿಭಾಗಗಳು ಪರಿಚಿತ. ಸೊಪ್ರಾನೊ ಎಂದರೆ ಸ್ತ್ರೀಕಂಠಗಳಲ್ಲಿ ಅತಿ ಎತ್ತರದ ಶ್ರುತಿಯಲ್ಲಿ ಸಂಚರಿಸುವ ಕಂಠ. ಆಪೆರಾ ಎಂದರೆ ಮೊದಲಿನಿಂದ ಕೊನೆಯವರೆಗೆ ಹಾಡಿನಲ್ಲಿಯೇ ಸಾಗುವ ನಾಟಕ. ನಮ್ಮ ಹಿರಿಯರು ಕಂಡ ಗುಬ್ಬಿ ಕಂಪನಿಯಂತಹ ವೃತ್ತಿನಾಟಕಗಳನ್ನು ನೆನೆಸಿಕೊಳ್ಳಿ. ಮೈಕು ಬರುವುದಕ್ಕೆ ಮುಂಚೆ ನಟನೊಬ್ಬ ಹಾರ್ಮೋನಿಯಂ, ತಬಲಗಳ ಮೇಲೆ ತನ್ನ ಕಂಠವನ್ನು ತೇಲಿಸಿ, ಕಡೆಯ ಸಾಲಿನಲ್ಲಿ ಕುಳಿತವನಿಗೂ ಕಂದಪದ್ಯದ ಪ್ರತಿ ಅಕ್ಷರವನ್ನು ಮುಟ್ಟಿಸುತ್ತಿದ್ದ. ಆಪೆರಾ ಗಾಯಕಿಯ ಕೆಲಸವೂ ಅದೇ, ಆದರೆ ಎದುರಿಗಿರುವುದು ನೂರರ ಸಮೀಪದ ವಾದ್ಯಗಳ ವೃಂದ. ಜರ್ಮನ್ ವಾಗ್ಗೇಯಕಾರ ರಿಚರ್ಡ್ ವಾಗ್ನರನ ನಾಟಕಗಳಲ್ಲಿ ಈ ವೃಂದದ ಅಬ್ಬರವನ್ನು ಮೀರಿ ನಾಲ್ಕು ಗಂಟೆಗಳ ಕಾಲ ನಡೆಯುವ ಕಥೆಯನ್ನು ನಾಯಕಿ ಹೊತ್ತು ಸಾಗಬೇಕು. ಯಾವ ಯಂತ್ರದ ನೆರವೂ ಇಲ್ಲ. ಇರುವುದು ಉಸಿರು, ಧ್ವನಿತಂತು, ಎದೆ ಮತ್ತು ತಲೆಯ ಅನುರಣನ ಇಷ್ಟೇ. ಇಂತಹ ಭಾರವಾದ ಕಂಠವು ಸಾಮಾನ್ಯವಾಗಿ ಮೂವತ್ತು ದಾಟಿದ ಮೇಲೆಯೇ ಪೂರ್ಣವಾಗಿ ಅರಳುತ್ತದೆ ಎಂಬುದು ಗಾಯನ ಶಿಕ್ಷಕರ ಅನುಭವ.

ಕಿರ್ಸ್ಟೆನ್ ಹುಟ್ಟಿದ್ದು 1895ರ ಜುಲೈ 12ರಂದು, ನಾರ್ವೆಯ ಹಾಮಾರ್ ಎಂಬ ಊರಿನಲ್ಲಿ. ತಂದೆ ವಾದ್ಯವೃಂದದ ನಿರ್ವಾಹಕ, ತಾಯಿ ಪಿಯಾನೊ ವಾದಕಿ ಹಾಗೂ ಗಾಯಕರಿಗೆ ಪಾಠ ಹೇಳುವವರು. ಹತ್ತನೆಯ ಹುಟ್ಟುಹಬ್ಬಕ್ಕೆ ಉಡುಗೊರೆಯಾಗಿ ಬಂದ ವಾಗ್ನರನ ‘ಲೋಹೆಂಗ್ರಿನ್’ ಸ್ವರಪುಸ್ತಕದಿಂದ ನಾಯಕಿಯ ಪಾತ್ರವನ್ನು ಹುಡುಗಿ ತಾನೇ ಕಲಿತುಕೊಂಡಳಂತೆ. ಇಂದಿನ ಕಾಲವಾಗಿದ್ದರೆ ಆ ಹತ್ತು ವರ್ಷದ ಬಾಲೆಯನ್ನು ವೇದಿಕೆಯ ಮೇಲೆ ನಿಲ್ಲಿಸಿ, ಫೋನಿನಲ್ಲಿ ಸೆರೆಹಿಡಿದು, ಮರುದಿನವೇ ಲಕ್ಷ ಜನಕ್ಕೆ ತೋರಿಸಿಬಿಡುತ್ತಿದ್ದೆವು. ಆ ಮನೆಯಲ್ಲಿ ಹಾಗಾಗಲಿಲ್ಲ. ಸಂಗೀತ ಬಲ್ಲ ತಾಯ್ತಂದೆಯರು ಆಕೆಗೆ ಸಂಗೀತವನ್ನು ಕಲಿಸಿದರು, ಕಂಠವನ್ನು ಬೆಳೆಯಲು ಬಿಟ್ಟರು.

1913ರ ಡಿಸೆಂಬರಿನಲ್ಲಿ, ಇಂದಿನ ಆಸ್ಲೊ ನಗರದ ರಾಷ್ಟ್ರೀಯ ರಂಗಮಂದಿರದಲ್ಲಿ ಆಕೆ ‘ಟೀಫ್‌ಲಾಂಡ್’ ಎಂಬ ಗೀತನಾಟಕದ ಒಂದು ಎಳೆಯ ಹುಡುಗಿಯ ಪಾತ್ರದಲ್ಲಿ ಮೊದಲ ಬಾರಿಗೆ ಹಾಡಿದಳು. ಅನಂತರದ ಇಪ್ಪತ್ತು ವರ್ಷಗಳು ನಾರ್ವೆ, ಸ್ವೀಡನ್ ದೇಶಗಳಲ್ಲಿಯೇ ಕಳೆದವು. ಲಘು ಗೀತನಾಟಕಗಳು, ಹಾಸ್ಯ ಪ್ರಧಾನವಾದ ಆಪರೆಟ್ಟಾಗಳು, ಹಗುರ ಪಾತ್ರಗಳು. ಮಧ್ಯೆ ಸ್ಟಾಕ್‌ಹೋಮಿನಲ್ಲಿ ಮತ್ತೆ ಶಿಷ್ಯವೃತ್ತಿ. 1919ರಲ್ಲಿ ವಿವಾಹ, ಮರುವರ್ಷ ಮಗಳ ಜನನ. ಆ ದಾಂಪತ್ಯ ಮುರಿದು, 1930ರಲ್ಲಿ ಹೆನ್ರಿ ಯೊಹಾನ್ಸೆನ್ ಎಂಬ ಉದ್ಯಮಿಯೊಡನೆ ಎರಡನೆಯ ವಿವಾಹವಾಯಿತು. ಅನಂತರ ಹಾಡುವುದನ್ನು ನಿಲ್ಲಿಸಿ ಗೃಹಿಣಿಯಾಗಿ ಇದ್ದುಬಿಡುವ ಆಲೋಚನೆಯೂ ಆಕೆಗಿತ್ತು. ವಾಗ್ನರನ ಅತಿ ಕಠಿಣ ಪಾತ್ರವಾದ ಇಸೋಲ್ಡಳನ್ನು ಆಕೆ ಮೊದಲು ಹಾಡಿದ್ದು 1932ರಲ್ಲಿ, ಅಂದರೆ ರಂಗವನ್ನೇರಿದ ಹತ್ತೊಂಬತ್ತನೆಯ ವರ್ಷ. 1933 ಮತ್ತು 1934ರಲ್ಲಿ ಜರ್ಮನಿಯ ಬೈರೂತ್ ಉತ್ಸವದಲ್ಲಿ ಹಾಡುವ ಅವಕಾಶ ದೊರೆತಾಗ, ಮೊದಲ ವರ್ಷ ಸಿಕ್ಕಿದ್ದು ಚಿಕ್ಕ ಪಾತ್ರಗಳು ಮಾತ್ರ.

1935ರ ಫೆಬ್ರವರಿ 2, ಶನಿವಾರ ಮಧ್ಯಾಹ್ನ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಆಪೆರಾ ರಂಗಮಂದಿರದಲ್ಲಿ ವಾಗ್ನರನ ‘ವಾಲ್ಕ್ಯೂರ’ ನಾಟಕದಲ್ಲಿ ಸೀಗ್‌ಲಿಂಡ ಎಂಬ ಪಾತ್ರವನ್ನು ಆಕೆ ಹಾಡಿದಳು. ಆಕೆ ಯಾರೆಂಬುದು ಅಲ್ಲಿನ ಪ್ರೇಕ್ಷಕರಲ್ಲಿ ಹೆಚ್ಚಿನವರಿಗೆ ತಿಳಿದಿರಲಿಲ್ಲ. ಪ್ರದರ್ಶನವು ರೇಡಿಯೊದಲ್ಲಿ ನೇರವಾಗಿ ಪ್ರಸಾರವಾಗುತ್ತಿತ್ತು. ಮಧ್ಯಂತರದಲ್ಲಿ ವಿವರಣೆ ನೀಡುತ್ತಿದ್ದ ಹಿರಿಯ ಗಾಯಕಿ ಜೆರಾಲ್ಡಿನ್ ಫರಾರ್ ತಮ್ಮ ಮುಂದಿದ್ದ ಬರಹವನ್ನು ಬದಿಗಿಟ್ಟು, ಹೊಸ ತಾರೆಯೊಂದು ಉದಯಿಸಿತೆಂದು ಕೇಳುಗರಿಗೆ ಸಾರಿದರು. ನಾಲ್ಕು ದಿನಗಳ ತರುವಾಯ ಅದೇ ರಂಗದಲ್ಲಿ ಇಸೋಲ್ಡ. ಅಲ್ಲಿಂದ ಮುಂದೆ ಆಕೆ ಮತ್ತು ಟೆನರ್ ಗಾಯಕ ಲಾರಿಟ್ಸ್ ಮೆಲ್ಕಿಯರ್ ಹಾಡುವ ದಿನ ಟಿಕೆಟುಗಳು ಸಿಗುತ್ತಿರಲಿಲ್ಲ. ಅಮೆರಿಕದ ಆರ್ಥಿಕ ಕುಸಿತದ ಆ ವರ್ಷಗಳಲ್ಲಿ ಆ ರಂಗಮಂದಿರ ಉಳಿದುಕೊಂಡದ್ದರಲ್ಲಿ ಇವರಿಬ್ಬರ ಪಾಲು ದೊಡ್ಡದೆಂದು ಸಂಗೀತ ಚರಿತ್ರೆಯನ್ನು ಬಲ್ಲವರು ಹೇಳುವುದುಂಟು.

ಒಂದೇ ದಿನದಲ್ಲಿ ಪ್ರಸಿದ್ಧಿ ಬಂತೆಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಆ ಒಂದು ದಿನದ ಹಿಂದೆ ಇಪ್ಪತ್ತೊಂದು ವರ್ಷಗಳಿದ್ದವು. ಹಗುರವಾದ ಪಾತ್ರಗಳಲ್ಲಿ ಆಕೆಯ ಕಂಠ ದಣಿಯಲಿಲ್ಲ, ಮೈಗೂಡಿತು. ಇದು ಪಾಶ್ಚಾತ್ಯ ಸಂಗೀತಕ್ಕಷ್ಟೇ ಸೇರಿದ ತಿಳಿವಳಿಕೆಯಲ್ಲ. ಪುರಂದರದಾಸರ ಹೆಸರಿನೊಂದಿಗೆ ಬೆಸೆದುಕೊಂಡಿರುವ ನಮ್ಮ ಕರ್ನಾಟಕ ಸಂಗೀತದ ಪಾಠಕ್ರಮವನ್ನು ನೋಡಿ. ಮೊದಲು ಸರಳೆ, ಆಮೇಲೆ ಜಂಟಿ, ಅಲಂಕಾರ, ಗೀತೆ, ವರ್ಣ. ಕೃತಿ ಬರುವುದು ಬಹಳ ತಡವಾಗಿ. ಪ್ರತಿ ಮೆಟ್ಟಿಲಲ್ಲಿ ಕಂಠಕ್ಕೆ ಎಷ್ಟು ಹೊರೆ ಹೊರಿಸಬೇಕೆಂಬ ಲೆಕ್ಕ ಅಲ್ಲಿದೆ. ನಮ್ಮ ಹಿಂದಿನ ಗುರುಗಳು ಟೇಪು ಹಿಡಿದು ಅಳೆದದ್ದು ಇದನ್ನೇ.

ಇನ್ನು ಕಠಿಣವಾದ ಅಧ್ಯಾಯಕ್ಕೆ ಬರೋಣ. ಗಾಯಕಿಯ ಜೀವನವನ್ನು ಹೇಳುವಾಗ ಇದನ್ನು ದಾಟಿ ಹೋಗುವುದು ಪ್ರಾಮಾಣಿಕತೆಯಲ್ಲ. 1940ರ ಏಪ್ರಿಲಿನಲ್ಲಿ ಹಿಟ್ಲರನ ಸೇನೆ ನಾರ್ವೆಯನ್ನು ಆಕ್ರಮಿಸಿತು. ಆಗ ಅಮೆರಿಕದಲ್ಲಿದ್ದ ಫ್ಲಾಗ್‌ಸ್ಟಾಡ್, ಸ್ನೇಹಿತರ ಎಚ್ಚರಿಕೆಯನ್ನು ಕೇಳದೆ, 1941ರ ಏಪ್ರಿಲಿನಲ್ಲಿ ಪತಿಯೊಡನೆ ಇರುವ ಸಲುವಾಗಿ ಆಕ್ರಮಿತ ತಾಯ್ನಾಡಿಗೆ ಹಿಂದಿರುಗಿದಳು. ಪತಿ ಯೊಹಾನ್ಸೆನ್ ನಾಜಿಗಳೊಡನೆ ಕೈಜೋಡಿಸಿದ್ದ ಪಕ್ಷದ ಸದಸ್ಯರಾಗಿದ್ದವರು. ಯುದ್ಧ ಮುಗಿದ ಮೇಲೆ, ಆಕ್ರಮಣಕಾರರೊಡನೆ ವ್ಯವಹಾರ ನಡೆಸಿ ಲಾಭ ಗಳಿಸಿದ ಆರೋಪದ ಮೇಲೆ ಅವರ ಬಂಧನವಾಯಿತು. 1946ರಲ್ಲಿ ವಿಚಾರಣೆಗೆ ಮೊದಲೇ ಬಂಧನದಲ್ಲಿ ತೀರಿಕೊಂಡರು. ಫ್ಲಾಗ್‌ಸ್ಟಾಡ್ ಆಕ್ರಮಿತ ನಾರ್ವೆಯಲ್ಲಾಗಲಿ, ಯುದ್ಧಕಾಲದ ಜರ್ಮನಿಯಲ್ಲಾಗಲಿ ಹಾಡಲಿಲ್ಲ. ಯುದ್ಧದಿಂದ ದೂರವಿದ್ದ ಸ್ವೀಡನ್, ಸ್ವಿಟ್ಜರ್ಲೆಂಡ್ ದೇಶಗಳಲ್ಲಿ ಮಾತ್ರ ಹಾಡಿದಳು. ಆಕೆಯ ಮೇಲೆ ಯಾವ ಅಪರಾಧವೂ ಸಾಬೀತಾಗಲಿಲ್ಲ. ಆದರೂ ಯುದ್ಧಾನಂತರ ಅಮೆರಿಕಕ್ಕೆ ಮರಳಿದಾಗ ಸಭಾಂಗಣಗಳ ಹೊರಗೆ ಪ್ರತಿಭಟನೆಗಳು ನಡೆದವು.

ಇದನ್ನು ಹೇಗೆ ತೂಗುವುದು? ಮಧುರವಾದ ಕಂಠ ಯಾರ ನಿರ್ಧಾರವನ್ನೂ ಸರಿಯೆಂದು ಮಾಡಿಕೊಡುವುದಿಲ್ಲ. ದೇಶ ಕತ್ತಲಲ್ಲಿದ್ದಾಗ ಸಾವಿರಾರು ನಾರ್ವೆಯನ್ನರು ಪ್ರಾಣವನ್ನು ಪಣಕ್ಕಿಟ್ಟರು. ಆಕೆ ಮಾಡಿದ್ದು ಮನೆಗೆ ಹೋಗಿ ಮೌನವಾಗಿದ್ದದ್ದು. ಪತಿಯ ಬಳಿ ಇರಬೇಕೆಂಬ ಹಂಬಲವನ್ನು ನಾವು ಅರ್ಥಮಾಡಿಕೊಳ್ಳಬಹುದು, ಮೌನ ಸಾಕಿತ್ತೇ ಎಂದು ಕೇಳಲೂಬಹುದು. ಹಾಗೆಯೇ, ಪತಿಯ ತಪ್ಪಿಗೆ ಪತ್ನಿಯ ಕಂಠವನ್ನು ಶಿಕ್ಷಿಸುವುದು ನ್ಯಾಯವೇ ಎಂದು ಕೇಳುವ ಹಕ್ಕೂ ನಮಗುಂಟು. ನನ್ನ ಅಭಿಪ್ರಾಯದಲ್ಲಿ ಈ ಎರಡೂ ಪ್ರಶ್ನೆಗಳು ಒಟ್ಟಿಗೇ ಉಳಿಯಬೇಕು. ಮುಂದೆ ನಾವು ಕೇಳಲಿರುವ ಹಾಡುಗಳಲ್ಲಿ ಈ ವರ್ಷಗಳ ಭಾರವಿದೆ.

ಆ ಹಾಡುಗಳನ್ನು ರಚಿಸಿದವರು ಜರ್ಮನಿಯ ರಿಚರ್ಡ್ ಸ್ಟ್ರೌಸ್. 1933ರಿಂದ 1935ರವರೆಗೆ ನಾಜಿ ಸರ್ಕಾರದ ಸಂಗೀತ ಮಂಡಳಿಯ ಅಧ್ಯಕ್ಷರಾಗಿದ್ದ ಕಳಂಕ ಅವರಿಗೂ ಅಂಟಿತ್ತು. ಯುದ್ಧ ಮುಗಿದ ಮೇಲೆ ಪತ್ನಿ ಪೌಲಿನಳೊಡನೆ ಸ್ವಿಟ್ಜರ್ಲೆಂಡಿನ ಹೋಟೆಲುಗಳಲ್ಲಿ ಕಾಲ ಕಳೆಯುತ್ತಿದ್ದ ಅವರು, 1948ರಲ್ಲಿ, ಎಂಬತ್ತನಾಲ್ಕನೆಯ ವಯಸ್ಸಿನಲ್ಲಿ, ಸೊಪ್ರಾನೊ ಕಂಠಕ್ಕೂ ವಾದ್ಯವೃಂದಕ್ಕೂ ನಾಲ್ಕು ಗೀತೆಗಳನ್ನು ಬರೆದರು. ಮೂರರ ಕವಿ ಹರ್ಮನ್ ಹೆಸ್ಸೆ, ಒಂದರ ಕವಿ ಐಶೆನ್‌ಡಾರ್ಫ್. ವಸಂತ, ಸೆಪ್ಟೆಂಬರ್, ನಿದ್ದೆಗೆ ಜಾರುವ ಹೊತ್ತು, ಸಂಜೆಗೆಂಪು: ಇವು ಆ ಗೀತೆಗಳ ವಸ್ತು. ಪೌಲಿನ ತಾನೂ ಒಂದು ಕಾಲದಲ್ಲಿ ಸೊಪ್ರಾನೊ ಗಾಯಕಿಯಾಗಿದ್ದವಳು. ಐವತ್ತು ವರ್ಷಗಳಿಗೂ ಮಿಕ್ಕಿದ ದಾಂಪತ್ಯದ ಕೊನೆಯಲ್ಲಿ ಸ್ಟ್ರೌಸ್ ಬರೆದದ್ದು ಹೆಂಡತಿಯ ಕಂಠದ ಜಾತಿಗೆ ಸೇರಿದ ಹಾಡುಗಳನ್ನೇ ಎಂಬುದು ಗಮನಾರ್ಹ. ಇವುಗಳನ್ನು ಮೊದಲು ಹಾಡಬೇಕಾದವರು ಫ್ಲಾಗ್‌ಸ್ಟಾಡ್, ಜೊತೆಗೆ ಒಳ್ಳೆಯ ನಿರ್ವಾಹಕರೊಬ್ಬರು ಇರಬೇಕು ಎಂಬುದು ಅವರ ಇಚ್ಛೆಯಾಗಿತ್ತು. ಆದರೆ ಕೇಳುವ ಭಾಗ್ಯ ಅವರಿಗೆ ಇರಲಿಲ್ಲ. 1949ರ ಸೆಪ್ಟೆಂಬರ್ 8ರಂದು, ಎಂದರೆ ಶಿವಾಜಿನಗರದ ನಮ್ಮ ಬಸಿಲಿಕಾದ ಸುತ್ತಲಿನ ಬೀದಿಗಳು ಮರಿಯ ಮಾತೆಯ ಜನನೋತ್ಸವದ ತೇರಿಗೆ ತುಂಬಿ ತುಳುಕುವ ದಿನದಂದು, ಅವರು ಕಣ್ಮುಚ್ಚಿದರು. ‘ನಾಲ್ಕು ಕೊನೆಯ ಗೀತೆಗಳು’ ಎಂಬ ಹೆಸರನ್ನು ಇವಕ್ಕೆ ಕೊಟ್ಟವರು ಪ್ರಕಾಶಕರು.

ಈಗ ಮೈಸೂರಿನ ಮಾತು. ಮಹಾರಾಜ ಜಯಚಾಮರಾಜೇಂದ್ರ ಒಡೆಯರನ್ನು (1919–1974) ನಾವು ‘ಶ್ರೀವಿದ್ಯಾ’ ಅಂಕಿತದಲ್ಲಿ ತೊಂಬತ್ತನಾಲ್ಕು ಕರ್ನಾಟಕ ಸಂಗೀತ ಕೃತಿಗಳನ್ನು ರಚಿಸಿದ ವಾಗ್ಗೇಯಕಾರರೆಂದು ಬಲ್ಲೆವು. ಅವರು ಪಿಯಾನೊವನ್ನು ಶಾಸ್ತ್ರೋಕ್ತವಾಗಿ ಕಲಿತವರು; ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಪದವಿ ಪಡೆದವರು; 1945ರಲ್ಲಿ ಟ್ರಿನಿಟಿ ಸಂಗೀತ ಕಾಲೇಜಿನ ಗೌರವ ಫೆಲೊ ಆದವರು. 1948ರಲ್ಲಿ ಲಂಡನ್ನಿನ ಫಿಲ್‌ಹಾರ್ಮೋನಿಯ ಕಾನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾದರು. ಲಂಡನ್ನಿನಲ್ಲಿ ಬಡತನದಲ್ಲಿ ಬದುಕುತ್ತಿದ್ದ ರಷ್ಯದ ವಾಗ್ಗೇಯಕಾರ ನಿಕೊಲಾಯ್ ಮೆಟ್ನರ್ ಅವರ ರಚನೆಗಳನ್ನು ಅವರದೇ ಕೈಯಿಂದ ನುಡಿಸಿ ಧ್ವನಿಮುದ್ರಿಸಲು ಹಣ ಕೊಟ್ಟವರೂ ಇವರೇ. ಮೆಟ್ನರ್ ತಮ್ಮ ಮೂರನೆಯ ಪಿಯಾನೊ ಕಾನ್ಸರ್ಟೊವನ್ನು ಮೈಸೂರಿನ ಮಹಾರಾಜರಿಗೆ ಕೃತಜ್ಞತೆಯಿಂದ ಅರ್ಪಿಸಿದರು. ಒಡೆಯರ ಸಹೋದರಿ ವಿಜಯಾದೇವಿಯವರೂ ಪಿಯಾನೊ ಬಲ್ಲವರು. ಬೆಂಗಳೂರಿನಲ್ಲಿ ಇಂಟರ್‌ನ್ಯಾಷನಲ್ ಮ್ಯೂಸಿಕ್ ಅಂಡ್ ಆರ್ಟ್ಸ್ ಸೊಸೈಟಿಯನ್ನು ಕಟ್ಟಿದವರು ಅವರು.

ಸ್ಟ್ರೌಸರ ನಾಲ್ಕು ಗೀತೆಗಳು ಮೊದಲ ಬಾರಿಗೆ ಕೇಳಿಬಂದದ್ದು 1950ರ ಮೇ 22ರಂದು, ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ. ಹಾಡಿದವಳು ಫ್ಲಾಗ್‌ಸ್ಟಾಡ್, ಫಿಲ್‌ಹಾರ್ಮೋನಿಯ ವಾದ್ಯವೃಂದವನ್ನು ನಡೆಸಿದವರು ವಿಲ್‌ಹೆಲ್ಮ್ ಫುರ್ಟ್‌ವೆಂಗ್ಲರ್. ಕಾರ್ಯಕ್ರಮಕ್ಕೆ ಒಡೆಯರು 4,800 ಡಾಲರುಗಳ ಖಾತರಿಯನ್ನು ನೀಡಿದರೆಂದೂ, ಸುಮಾರು 20,000 ರೆಕಾರ್ಡುಗಳಿದ್ದ ತಮ್ಮ ಸಂಗ್ರಹಕ್ಕಾಗಿ ಆ ಹಾಡುಗಳನ್ನು ಮುದ್ರಿಸಿ ಮೈಸೂರಿಗೆ ಕಳುಹಿಸಬೇಕೆಂದು ಬಯಸಿದರೆಂದೂ ಅಂದಿನ ಪತ್ರಿಕಾ ವರದಿ ಹೇಳುತ್ತದೆ. ಆ ಸಂಜೆಯ ಚಿತ್ರವನ್ನು ಕಣ್ಣಮುಂದೆ ತಂದುಕೊಳ್ಳಿ. ಬಾಂಬುಗಳಿಂದ ಗಾಯಗೊಂಡಿದ್ದ ನಗರ ಲಂಡನ್. ಗೀತೆಗಳನ್ನು ಬರೆದವನು ಆ ನಗರದ ಶತ್ರುವಾಗಿದ್ದ ದೇಶದವನು. ವೃಂದವನ್ನು ನಡೆಸಿದವನು ನಾಜಿ ಆಳ್ವಿಕೆಯ ಕಾಲದಲ್ಲಿ ಆ ದೇಶದಲ್ಲಿಯೇ ಉಳಿದವನು. ಹಾಡಿದವಳು ಸಂಶಯದ ನೆರಳಿನಲ್ಲಿದ್ದವಳು. ಒಂಬತ್ತು ದಿನಗಳ ಹಿಂದೆಯಷ್ಟೇ, ಮೇ 13ರಂದು, ಪೌಲಿನಳೂ ತೀರಿಕೊಂಡಿದ್ದಳು. ಇವರೆಲ್ಲರನ್ನೂ ಕೂಡಿಸಿದ ಹಣ ಬಂದದ್ದು ಗಣರಾಜ್ಯವಾಗಿ ನಾಲ್ಕು ತಿಂಗಳೂ ತುಂಬದಿದ್ದ ಭಾರತದ ಒಬ್ಬ ರಾಜಪ್ರಮುಖರಿಂದ. ಕೊಟ್ಟವರು ಲಂಡನ್ನಿನಿಂದ ಸಾವಿರಾರು ಮೈಲಿ ದೂರದ ಮೈಸೂರಿನವರು. ಅವರು ಬಯಸಿದ್ದು ಕೇಳುವ ಭಾಗ್ಯವನ್ನಷ್ಟೇ.

ಆ ಧ್ವನಿಮುದ್ರಣ ಇಂದಿಗೂ ಲಭ್ಯವಿದೆ. ಇಂದಿನ ನುಣುಪಾದ ಧ್ವನಿಗೆ ಒಗ್ಗಿದ ಕಿವಿಗೆ ಮೊದಲು ಕೇಳುವುದು ಕರಕರ ಸದ್ದು ಮಾತ್ರ. ವಾದ್ಯಗಳು ಮಸುಕಾಗಿವೆ. ಸ್ವಲ್ಪ ತಾಳ್ಮೆಯಿಂದ ಕೇಳಿದರೆ, ಗೋಣಿತಾಟಿನ ಹಿಂದಿನಿಂದ ದೀಪ ಕಾಣುವಂತೆ ಕಂಠ ಹೊರಬರುತ್ತದೆ. ಆಗ ಫ್ಲಾಗ್‌ಸ್ಟಾಡಳ ವಯಸ್ಸು ಐವತ್ತನಾಲ್ಕು. ವಿಮರ್ಶಕನಾಗಿ ಮುಚ್ಚುಮರೆಯಿಲ್ಲದೆ ಹೇಳುವುದಾದರೆ, ‘ವಸಂತ’ ಗೀತೆ ಆಕೆಗೆ ಆಗ ಸುಲಭವಾಗಿ ಒಲಿಯುವುದಿಲ್ಲ. ಸ್ವರಗಳು ಮೇಲೇರುತ್ತಲೇ ಇರುವ ಆ ಹಾಡಿಗೆ ಎಳೆಯ, ಹಗುರವಾದ ಕಂಠ ಬೇಕು. ಇಲ್ಲಿ ಪ್ರಯಾಸ ಕಿವಿಗೆ ಬೀಳುತ್ತದೆ. ‘ಸೆಪ್ಟೆಂಬರ್’ ಗೀತೆಯಲ್ಲಿ ಸ್ಥಿತಿ ಬದಲಾಗುತ್ತದೆ. ಎಲೆಯುದುರುವ ತೋಟ, ದಣಿದು ಕಣ್ಮುಚ್ಚುವ ಬೇಸಿಗೆ; ಕಡೆಯಲ್ಲಿ ಕೊಂಬುವಾದ್ಯವೊಂದು ಒಂಟಿಯಾಗಿ ನುಡಿಯುತ್ತದೆ. ಸ್ಟ್ರೌಸರ ತಂದೆ ಅದೇ ವಾದ್ಯದ ಪ್ರಸಿದ್ಧ ವಾದಕರಾಗಿದ್ದರು. ನಿದ್ದೆಯ ಗೀತೆಯ ಮಧ್ಯದಲ್ಲಿ ಒಂದು ಪಿಟೀಲು ತಾನೇ ಹಾಡುತ್ತದೆ. ಅನಂತರ ಗಾಯಕಿ ಅದೇ ರಾಗವನ್ನು ಎತ್ತಿಕೊಳ್ಳಬೇಕು. ಅಷ್ಟು ದೊಡ್ಡ ಕಂಠ ಅಷ್ಟು ಮೆಲ್ಲಗೆ ಒಳಗೆ ಕಾಲಿಡುವುದನ್ನು ಕೇಳಿದಾಗ, ಬಲವೆಂಬುದು ಗಟ್ಟಿಯಾಗಿ ಹಾಡುವುದಲ್ಲ ಎಂಬುದು ಅರಿವಾಗುತ್ತದೆ.

ಕೊನೆಯದು ‘ಸಂಜೆಗೆಂಪು’. ಕೈಕೈ ಹಿಡಿದು ಬಹುದೂರ ನಡೆದು ದಣಿದ ವೃದ್ಧ ದಂಪತಿಗಳು ಒಂದು ಕಣಿವೆಯ ಅಂಚಿನಲ್ಲಿ ನಿಂತಿದ್ದಾರೆ. ಬೆಳಕು ಇಳಿಯುತ್ತಿದೆ, ಎರಡು ಬಾನಾಡಿಗಳು ಮೇಲೇರುತ್ತಿವೆ. ಸಾವು ಹತ್ತಿರ ಬಂದಿದೆಯೇ ಎಂಬ ಶಂಕೆಯೊಂದಿಗೆ ಕವಿತೆ ಮುಗಿಯುತ್ತದೆ. ಸ್ಟ್ರೌಸ್ ಇಲ್ಲಿ ಅರವತ್ತು ವರ್ಷಗಳ ಹಿಂದೆ, ಯೌವನದಲ್ಲಿ, ಸಾವನ್ನು ಕುರಿತು ರಚಿಸಿದ್ದ ತಮ್ಮದೇ ವಾದ್ಯಕೃತಿಯ ಒಂದು ಸ್ವರಗುಚ್ಛವನ್ನು ವಾದ್ಯಗಳಲ್ಲಿ ಮೆಲ್ಲನೆ ತಂದಿದ್ದಾರೆ. ಯೌವನದಲ್ಲಿ ಊಹಿಸಿ ಬರೆದದ್ದನ್ನು ಮುಪ್ಪಿನಲ್ಲಿ ಹತ್ತಿರದಿಂದ ನೋಡಿದಂತಿದೆ. ಇಲ್ಲಿ ಫ್ಲಾಗ್‌ಸ್ಟಾಡಳ ಕಂಠದಲ್ಲಿ ಪ್ರಯಾಸದ ಸುಳಿವೇ ಇಲ್ಲ. ಪದಗಳನ್ನು ಆಕೆ ಅಲಂಕರಿಸುವುದಿಲ್ಲ, ಕಣ್ಣೀರನ್ನು ಬೇಡುವುದಿಲ್ಲ. ಸ್ವರವನ್ನು ಸಮವಾಗಿ, ನಿಧಾನವಾಗಿ ಹರಿಯಬಿಡುತ್ತಾಳೆ. ವಸಂತಕ್ಕೆ ಒಪ್ಪದ ವಯಸ್ಸು ಸಂಜೆಗೆ ಒಪ್ಪಿತು. ಇಪ್ಪತ್ತರ ಹರೆಯದ ಯಾವ ಕಂಠವೂ, ಎಷ್ಟೇ ಶುದ್ಧವಾಗಿದ್ದರೂ, ಇದನ್ನು ಹೀಗೆ ಹಾಡಲಾರದು ಎಂಬುದು ನನ್ನ ನಂಬಿಕೆ.

ಹೋಲಿಕೆಗಾಗಿ ಎರಡು ಧ್ವನಿಮುದ್ರಣಗಳನ್ನು ಹೆಸರಿಸಬಹುದು. ಎಲಿಜಬೆತ್ ಶ್ವಾರ್ಟ್ಸ್‌ಕಾಫ್ 1965ರಲ್ಲಿ ಹಾಡಿದ್ದರಲ್ಲಿ ಪ್ರತಿ ಪದಕ್ಕೂ ಒಂದೊಂದು ಬಣ್ಣವಿದೆ. ಕೆಲವೊಮ್ಮೆ ಬಣ್ಣ ಹೆಚ್ಚಾಯಿತೇನೋ ಎನಿಸುತ್ತದೆ. ಅಮೆರಿಕದ ಜೆಸ್ಸಿ ನಾರ್ಮನ್ 1982ರಲ್ಲಿ ಹಾಡಿದ್ದು ಅತಿ ವಿಳಂಬದ, ಅತಿ ವಿಶಾಲವಾದ ಗಾಯನ. ಬಾಲ್ಯದಲ್ಲಿ ತಮ್ಮ ಊರಿನ ದೇವಾಲಯದಲ್ಲಿ ಹಾಡಿ ಬೆಳೆದ ಈ ಕರಿಯ ಸಹೋದರಿಯ ಉಸಿರಿನ ಉದ್ದ ಬೆರಗು ಹುಟ್ಟಿಸುತ್ತದೆ. ಧ್ವನಿಯ ಸ್ಪಷ್ಟತೆ ಬೇಕೆನ್ನುವವರು ನಾರ್ಮನ್ ಅವರಿಂದ ಪ್ರಾರಂಭಿಸಲಿ, ಆಮೇಲೆ ಫ್ಲಾಗ್‌ಸ್ಟಾಡಳ ಕಡೆಗೆ ಬರಲಿ.

ಇನ್ನೊಂದು ಪ್ರಸಂಗವನ್ನು ಇಲ್ಲಿ ಹೇಳಲೇಬೇಕು. 1952ರಲ್ಲಿ ‘ಟ್ರಿಸ್ಟಾನ್ ಮತ್ತು ಇಸೋಲ್ಡ’ ಗೀತನಾಟಕವನ್ನು ಫುರ್ಟ್‌ವೆಂಗ್ಲರ್ ಅವರ ನಿರ್ದೇಶನದಲ್ಲಿ ಇಡಿಯಾಗಿ ಮುದ್ರಿಸಿದಾಗ, ಇಸೋಲ್ಡಳ ಪಾತ್ರದ ಎರಡು ಅತ್ಯುನ್ನತ ಸ್ವರಗಳು ಫ್ಲಾಗ್‌ಸ್ಟಾಡಳಿಗೆ ನಿಲುಕದಾಗಿದ್ದವು. ಆ ಎರಡು ಸ್ವರಗಳನ್ನು ಶ್ವಾರ್ಟ್ಸ್‌ಕಾಫ್ ಹಾಡಿಕೊಟ್ಟರು. ಈ ಗುಟ್ಟು ಹೊರಬಿದ್ದಾಗ ಫ್ಲಾಗ್‌ಸ್ಟಾಡ್ ತುಂಬ ನೊಂದಳು. ಇದು ವಂಚನೆಯಲ್ಲವೇ ಎಂದು ನೀವು ಕೇಳಬಹುದು. ಕೇಳುಗರಿಗೆ ಮೊದಲೇ ತಿಳಿಸಿದ್ದರೆ ಯಾರಿಗೂ ನೋವಾಗುತ್ತಿರಲಿಲ್ಲ ಎಂಬುದು ನಿಜ. ನಾಲ್ಕು ಗಂಟೆಗಳ ಗಾಯನದಲ್ಲಿ ಎರಡು ಸ್ವರಗಳನ್ನು ಸ್ನೇಹಿತೆಯಿಂದ ಎರವಲು ಪಡೆದದ್ದನ್ನು ಜನ ದೊಡ್ಡ ಅಪವಾದವೆಂಬಂತೆ ಆಡಿಕೊಂಡರು. ಇಂದು ಗಣಕಯಂತ್ರದ ಮೂಲಕ ಇಡೀ ಹಾಡಿನ ಶ್ರುತಿಯನ್ನೇ ತಿದ್ದಿ ಹೊರತರುವಾಗ ಯಾರೂ ಕೇಳುವುದಿಲ್ಲ. ಉಳಿದೆಲ್ಲ ಸ್ವರಗಳನ್ನು ಆಕೆ ಐವತ್ತೇಳರ ಅಂಚಿನಲ್ಲಿ ತನ್ನದೇ ಉಸಿರಿನಿಂದ ಹಾಡಿದಳು. ಆ ಧ್ವನಿಮುದ್ರಣ ಇಂದಿಗೂ ಶ್ರೇಷ್ಠವೆಂದೇ ಪರಿಗಣಿತವಾಗಿದೆ.

ಅದೇ ವರ್ಷ ಆಕೆ ಮೆಟ್ರೊಪಾಲಿಟನ್ ರಂಗಕ್ಕೆ ವಿದಾಯ ಹೇಳಿದಳು. 1958ರಿಂದ 1960ರವರೆಗೆ, ಹೊಸದಾಗಿ ರೂಪುಗೊಂಡ ನಾರ್ವೆಯ ರಾಷ್ಟ್ರೀಯ ಆಪೆರಾ ಸಂಸ್ಥೆಯ ಮೊದಲ ನಿರ್ದೇಶಕಿಯಾಗಿ ಎಳೆಯ ಗಾಯಕರಿಗೆ ವೇದಿಕೆ ಕಟ್ಟಿಕೊಟ್ಟಳು. 1962ರ ಡಿಸೆಂಬರ್ 7ರಂದು ಆಸ್ಲೊದಲ್ಲಿ ತೀರಿಕೊಂಡಳು. ಒಂದು ಕಾಲದಲ್ಲಿ ಆಕೆಯನ್ನು ಸಂಶಯದಿಂದ ನೋಡಿದ್ದ ಅದೇ ದೇಶ ಮುಂದೆ ತನ್ನ ನೂರು ಕ್ರೋನರ್ ನೋಟಿನ ಮೇಲೆ ಆಕೆಯ ಚಿತ್ರವನ್ನು ಮುದ್ರಿಸಿತು.

ಈ ಜೀವನ ನಮ್ಮ ಮನೆಗಳಿಗೆ ಏನನ್ನು ಹೇಳುತ್ತದೆ? ನಮ್ಮ ಮಕ್ಕಳು ಆಪೆರಾ ಹಾಡಬೇಕೆಂದು ನಾನು ಹೇಳುತ್ತಿಲ್ಲ. ಕಂಠವೂ ದೇಹದ ಒಂದು ಅಂಗ. ಅದಕ್ಕೂ ಬೆಳವಣಿಗೆಯ ಕಾಲವಿದೆ ಎಂಬುದಷ್ಟೇ ನನ್ನ ಮಾತು. ಹದಿಹರೆಯದಲ್ಲಿ ಹುಡುಗರ ಧ್ವನಿ ಒಡೆಯುವುದು ಎಲ್ಲರಿಗೂ ತಿಳಿದಿದೆ. ಹುಡುಗಿಯರ ಧ್ವನಿಯೂ ಆಗ ಬದಲಾಗುತ್ತದೆ ಎಂಬುದನ್ನು ನಾವು ಮರೆಯುತ್ತೇವೆ. ಸದಾ ಕಿರುಚಿ ಹಾಡುವ ಮಕ್ಕಳ ಧ್ವನಿತಂತುಗಳ ಮೇಲೆ ಸಣ್ಣ ಗಂಟುಗಳು ಮೂಡಬಹುದೆಂದು ವೈದ್ಯರು ಎಚ್ಚರಿಸುತ್ತಾರೆ. ಮಗುವಿನ ಸ್ವರ ವಾರಗಟ್ಟಲೆ ಒಡೆದಂತೆ ಕೇಳಿಸಿದರೆ ಜೇನುತುಪ್ಪ ಕೊಟ್ಟು ಮತ್ತೆ ಸ್ಪರ್ಧೆಗೆ ಕಳುಹಿಸುವುದಲ್ಲ. ಹಾಡು ನಿಲ್ಲಿಸಿ ಕಿವಿ-ಮೂಗು-ಗಂಟಲು ತಜ್ಞರಿಗೆ ತೋರಿಸಬೇಕು. ಸ್ಪರ್ಧೆಯ ತೀರ್ಪುಗಾರರು ‘ಇನ್ನೂ ಜೋರಾಗಿ’ ಎಂದಾಗ, ‘ಸಾಕು ಕಂದ’ ಎನ್ನುವ ಹೊಣೆ ತಾಯ್ತಂದೆಯರದು.

ನಮ್ಮ ಗಾನವೃಂದಗಳ ವಿಷಯಕ್ಕೂ ಇದು ಸಲ್ಲುತ್ತದೆ. ಬಲಿಪೂಜೆಯಲ್ಲಿ ನೆರೆದ ಜನರೆಲ್ಲ ಹಾಡಿನಲ್ಲಿ ಪಾಲುಗೊಳ್ಳಬೇಕೆಂಬುದು ದ್ವಿತೀಯ ವ್ಯಾಟಿಕನ್ ಮಹಾಸಭೆಯು 1963ರಲ್ಲಿ ಹೊರಡಿಸಿದ ದೈವಾರಾಧನೆಯ ಸಂವಿಧಾನದ ಆಶಯ. ನಾಲ್ಕು ಜನ ನಾಲ್ಕು ಮೈಕು ಹಿಡಿದು, ಕೀಬೋರ್ಡಿನ ತಾಳಪೆಟ್ಟಿಗೆಯನ್ನು ಪೂರ್ಣವಾಗಿ ಏರಿಸಿದರೆ, ಬೆಂಚುಗಳಲ್ಲಿ ಕುಳಿತ ನಾನೂರು ಜನ ಬಾಯಿ ತೆರೆಯುವುದೇ ಇಲ್ಲ. ತಮ್ಮ ಸ್ವರ ತಮಗೇ ಕ���ಳಿಸದಿದ್ದಾಗ ಯಾರು ತಾನೇ ಹಾಡುತ್ತಾರೆ? ಕಮರ್ಷಿಯಲ್ ಸ್ಟ್ರೀಟಿನ ಅಂಗಡಿಗಳು ಒಂದರ ಸದ್ದನ್ನು ಇನ್ನೊಂದು ಮುಳುಗಿಸುವುದು ಅವುಗಳ ವ್ಯಾಪಾರಕ್ಕೆ ಇರಬಹುದು. ದೇವಾಲಯದ ಒಳಗೆ ಆ ಪೈಪೋಟಿ ಬೇಕಿಲ್ಲ. ಗಾನವೃಂದದ ಮುಖ್ಯಸ್ಥರಲ್ಲಿ ನನ್ನದೊಂದು ಕೋರಿಕೆ: ವಾರದ ಅಭ್ಯಾಸದಲ್ಲಿ ಅರ್ಧ ಗಂಟೆ ಎಲ್ಲ ಮೈಕುಗಳನ್ನೂ ಆರಿಸಿ, ಮಕ್ಕಳ ಶ್ರುತಿಗೆ ಹೊಂದುವ ಒಂದು ಸರಳ ಗೀತೆಯನ್ನು ಅವರ ಉಸಿರಿನ ಅಳತೆಗೆ ತಕ್ಕಂತೆ ಹಾಡಿಸಿ. ಕಡೆಯ ಬೆಂಚಿನಲ್ಲಿ ಒಬ್ಬರನ್ನು ಕೂರಿಸಿ, ಪದಗಳು ತಿಳಿದವೇ ಎಂದು ಕೇಳಿ. ಮೊದಮೊದಲು ತಿಳಿಯುವುದಿಲ್ಲ. ಕೆಲವು ತಿಂಗಳುಗಳಲ್ಲಿ ತಿಳಿಯತೊಡಗುತ್ತದೆ.

ಹಾಗೆಯೇ ಮನೆಯಲ್ಲಿ ಒಂದು ರಾತ್ರಿ, ದೂರದರ್ಶನ ಆರಿದ ಮೇಲೆ, ಸ್ಟ್ರೌಸರ ನಾಲ್ಕನೆಯ ಗೀತೆಯನ್ನು ಹಿರಿಯರೊಡನೆ ಕುಳಿತು ಕೇಳಿ. ಸುಮಾರು ಏಳೆಂಟು ನಿಮಿಷಗಳ ಹಾಡು. ಜರ್ಮನ್ ಭಾಷೆ ತಿಳಿಯಬೇಕಾಗಿಲ್ಲ. ಇಬ್ಬರು ವೃದ್ಧರು ಸಂಜೆಯ ಬೆಳಕಿನಲ್ಲಿ ನಿಂತಿದ್ದಾರೆ ಎಂದು ಮಕ್ಕಳಿಗೆ ಮೊದಲೇ ಹೇಳಿದರೆ ಸಾಕು. ಅಜ್ಜಿಯಾದವರು ಏನೂ ಹೇಳದೆ ಸುಮ್ಮನೆ ಕೇಳುತ್ತ ಕುಳಿತರೆ, ಮಕ್ಕಳು ಅದನ್ನೂ ಗಮನಿಸುತ್ತಾರೆ.